ಚಳಿಮನೆಗೊಂದು ಅಗ್ಗಿಷ್ಟಿಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊಲಂಬೊ ಪಟ್ಟಣದಲ್ಲಿ ಮಾಂಸ, ಬೆಣ್ಣೆ, ಹಣ್ಣುಗಳನ್ನು ಯಂತ್ರದ ಚಳಿಯಲ್ಲಿಟ್ಟು ಕಾಪಾಡುವ ದೊಡ್ಡ ಕಟ್ಟಡವೊಂದಿದೆ. ಅದರೊಳಗೆ ನಿಗಿನಿಗಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಂದವನು ನಾನೇ. ಕೇಡು ಬಗೆದು ಮಾಡಿದ್ದಲ್ಲ. ಒಳಗಿದ್ದ ನಮ್ಮ ಕಿತ್ತಳೆಗಳಿಗೆ ಶೀತವಾಗುತ್ತಿದೆಯೆಂದು ಮರುಕ ಹುಟ್ಟಿ ಮಾಡಿದ್ದು.

ನಾನು ಊರಿಗೆ ಮರಳುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಘಟ್ಟ ಹತ್ತಿತ್ತು. ಚಿಕ್ಕಮಗಳೂರಿನಲ್ಲಿ ನಾನು ಬರೀ ಹೊಗೆ ಹಾಕಿದ್ದೆ. ಮೂಡಿಗೆರೆಯಲ್ಲಿ ಕಟ್ಟಡವನ್ನೇ ಸುಟ್ಟಿದ್ದೆ. ಕಳಸದ ಕಡೆ ಹೋಗುವಷ್ಟರಲ್ಲಿ ಒಂದು ಹಡಗೂ ಮುಳುಗಿತ್ತು. ಇನ್ನು ಸುಮ್ಮನಿದ್ದರೆ ಇಡೀ ಸಿಂಹಳ ದ್ವೀಪವೇ ಮುಳುಗಬಹುದೆಂಬ ಭಯದಿಂದ ಬರೆಯಲು ಕುಳಿತಿದ್ದೇನೆ.

ವಸ್ತಾರೆ

ವಸ್ತಾರೆಯ ಹತ್ತಿರ ನನ್ನ ಸೋದರಮಾವ ರಂಗೇಗೌಡರದು ಒಂದು ನಡುಮಟ್ಟದ ಕಾಫಿ ತೋಟ. ನಾನು ಅಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಕಣದಲ್ಲಿ ಒಣಗುವ, ತಿರುಳು ತೊಳೆದ ಪಾರ್ಚ್‌ಮೆಂಟ್ ಕಾಫಿಬೀಜದ ಮೇಲೆ ಇಬ್ಬನಿ ಬೀಳದಂತೆ ಸಂಜೆ ಮುಚ್ಚಿಸುವುದು ನನ್ನ ಕೆಲಸ. ಮಿಕ್ಕ ಹೊತ್ತಿನಲ್ಲಿ ಜನರ ದನಿ ಕದಿಯುತ್ತಿದ್ದೆ. ಮೇಸ್ತ್ರಿಯ ಬೈಗುಳ, ಅಂಚೆಯವನ ಮೂಗುಸ್ವರ, ಪಕ್ಕದ ಎಸ್ಟೇಟಿನ ಬಿಳಿ ದೊರೆ ಕನ್ನಡ ಮಾತಾಡುವ ಚಂದ, ಮಾತಿಗೆ ಮೊದಲು ಮಾವ ಗಂಟಲು ಸರಿಮಾಡಿಕೊಳ್ಳುವ ಗಾಂಭೀರ್ಯ, ಎಲ್ಲವೂ ನನ್ನ ಬಳಿ ಇದ್ದವು. ನಿನ್ನದೇ ದನಿ ಮಾಡಿ ತೋರಿಸು ಎಂದರೆ ಮಾತ್ರ ಸಿಕ್ಕಿಬೀಳುತ್ತಿದ್ದೆ. ಅದರಲ್ಲಿ ಹಿಡಿದುಕೊಳ್ಳುವಂಥದ್ದು ಏನೂ ಇರಲಿಲ್ಲ.

ನಮ್ಮ ಕಡೆ ಕಾಫಿಗಿಡದ ನಡುವೆ ಕಿತ್ತಳೆ ಇರುತ್ತದೆ. ಹಣ್ಣಾಗುವ ಎರಡು ತಿಂಗಳು ಅದರಷ್ಟು ಅಗ್ಗದ ವಸ್ತು ಇನ್ನೊಂದಿಲ್ಲ. ಬಂದ ನೆಂಟರು ಒಂದು ಬುಟ್ಟಿ ಹೊರದೆ ಹೊರಡುವಂತಿಲ್ಲ. ಕೊನೆಕೊನೆಗೆ ದನಗಳೂ ಮುಖ ತಿರುಗಿಸುತ್ತವೆ. ಆಮೇಲೆ ಮರದಡಿಯಲ್ಲಿ ಕೊಳೆಯುತ್ತದೆ, ನೊಣ ಮುತ್ತುತ್ತದೆ. ಮಾವನಿಗೆ ಆ ವಾಸನೆ ಕಂಡರೆ ಆಗುತ್ತಿರಲಿಲ್ಲ. ತಾವು ನೆಟ್ಟ ಮರದ ಹಣ್ಣು ತಮ್ಮ ಕಣ್ಣೆದುರೇ ಹಾಳಾಗುತ್ತಿದೆ ಎಂದು ವರ್ಷವರ್ಷವೂ ಕೊರಗುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಮಂಗಳೂರಿನ ಏಲಕ್ಕಿ ವ್ಯಾಪಾರಿಯೊಬ್ಬರ ಮೂಲಕ ಮಾವ ಕೊಲಂಬೊದ ಒಬ್ಬ ಮುದಲಾಳಿಗೆ ಕಾಗದ ಬರೆಸಿದರು. ಅಲ್ಲಿ ದೊಡ್ಡ ವರ್ತಕರನ್ನು ಹಾಗೆ ಕರೆಯುತ್ತಾರೆ. ಉತ್ತರ ಬಂತು. ಹತ್ತು ಪೆಟ್ಟಿಗೆ ಹಣ್ಣು ತನ್ನಿ. ಐದನ್ನು ನಮ್ಮ ಚಳಿಮನೆಯಲ್ಲಿ, ಐದನ್ನು ಹೊರಗೆ ಹದಿನೈದು ದಿನ ಇಟ್ಟು ನೋಡೋಣ. ಚಳಿಮನೆಯ ಹಣ್ಣು ನಿಂತರೆ ನಿಮ್ಮ ಗುಡ್ಡದ ಹಣ್ಣನ್ನು ವರ್ಷವೂ ಕೊಳ್ಳುತ್ತೇನೆ.

ಮಾವ ಆ ಕಾಗದವನ್ನು ಸುತ್ತಲಿನ ಒಂಬತ್ತು ಮನೆಗಳಿಗೆ ಓದಿ ಹೇಳಿ, ನಿಮ್ಮ ಹಣ್ಣಿಗೂ ನಾನೇ ಜವಾಬ್ದಾರಿ ಎಂದು ಮಾತು ಕೊಟ್ಟುಬಿಟ್ಟರು. ಹತ್ತು ಪೆಟ್ಟಿಗೆಯಲ್ಲಿ ಒಂಬತ್ತು ಮನೆಯ ಹಣ್ಣೂ ಇತ್ತು. ಇದು ಕೈಗೂಡದಿದ್ದರೆ ಅವರು ಯಾವ ಮುಖ ಹೊತ್ತು ಮರಳುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು.

ಹೊರಡುವ ದಿನ ಪಕ್ಕದ ತೋಟದ ಅಜ್ಜ ಕೇಳಿದರು: "ಅಲ್ಲ ರಂಗೇಗೌಡ, ಹಡಗಲ್ಲಿ ಹೋದ್ರೆ ಮನುಷ್ಯರೇ ಕಕ್ಕೊಳ್ತಾರಂತೆ. ಹಣ್ಣು ತಡ್ಕೊಳುತ್ತಾ?"

"ಹಣ್ಣು ತಡ್ಕೊಳುತ್ತೆ," ಎಂದರು ಮಾವ. ನನ್ನ ಕಡೆ ನೋಡಿ, "ಇವ್ನ ವಿಚಾರ ಗೊತ್ತಿಲ್ಲ."

ಧನುಷ್ಕೋಟಿ

ಕಡೂರಿನಲ್ಲಿ ರೈಲು ಹತ್ತಿದ ಮೇಲೆ ಮಾವ ನಿದ್ದೆ ಮಾಡಿದ್ದು ಪೆಟ್ಟಿಗೆಗಳ ಮೇಲೆಯೇ. ದೊಡ್ಡ ನಿಲ್ದಾಣ ಬಂದಾಗಲೆಲ್ಲ ಒಂದು ಪೆಟ್ಟಿಗೆಯ ಸಂದಿಗೆ ಮೂಗಿಟ್ಟು ಮೂಸುತ್ತಿದ್ದರು. ಎದುರು ಕುಳಿತ ತಮಿಳು ಹೆಂಗಸೊಬ್ಬಳು ಇದೇನೋ ಪೂಜೆಯಿರಬೇಕೆಂದು ತಾನೂ ಒಮ್ಮೆ ಕೈಮುಗಿದಳು.

ಮಾವನಿಗೆ ತಮಿಳು ಬರುತ್ತಿತ್ತು. ಆದರೆ ಅದು ತೋಟದ ಆಳುಗಳಿಂದ ಕಲಿತದ್ದು, ಆಳುಗಳಿಗೇ ಬಳಸಿದ್ದು. ಬಾ, ಹೋಗು, ಬುಟ್ಟಿ ಎತ್ತು, ಬೇಗ ಬೇಗ, ಇಷ್ಟೇ ಅದರ ಬಂಡವಾಳ. ಟಿಕೇಟು ನೋಡಲು ಬಂದ ಅಧಿಕಾರಿಗೂ ಅವರು "ಬಾ, ಎತ್ತು, ನೋಡು" ಎಂದರು. ಆತ ಮಾವನ ಮೀಸೆ ನೋಡಿ ಯಾವುದೋ ಜಮೀನ್ದಾರನಿರಬೇಕೆಂದು ಸಲಾಮು ಹೊಡೆದು ಹೋದ. ನನ್ನ ತಮಿಳು ಸ್ವಲ್ಪ ಮೇಲು. ನನಗೆ ಬೈಯಿಸಿಕೊಂಡು ರೂಢಿಯಿದ್ದುದರಿಂದ ಎರಡೂ ಕಡೆಯ ಮಾತು ಬರುತ್ತಿತ್ತು.

ಕಡಲ ಕಟ್ಟೆಯಲ್ಲಿ ವೈದ್ಯರೊಬ್ಬರು ಪ್ರಯಾಣಿಕರ ನಾಲಿಗೆ, ಕಣ್ಣು ನೋಡಿ ಬಿಡುತ್ತಿದ್ದರು. "ನಾಲಿಗೆ. ಇನ್ನೂ. ಇನ್ನೂ. ಹೋಗು," ಎನ್ನುವಾಗ ಅವರ ಗದ್ದ ಪ್ರತಿ ಮಾತಿಗೂ ಒಂದಂಗುಲ ಮೇಲೇಳುತ್ತಿತ್ತು. ಸಾಲಿನಲ್ಲಿ ನಿಂತವರ ಬೇಸರ ಕಳೆಯಲೆಂದು ನಾನು ಅದನ್ನೇ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಆಮೇಲೆ ಒಮ್ಮೆಗೇ ನಗು ನಿಂತಿತು. ತಿರುಗಿ ನೋಡಿದರೆ ವೈದ್ಯರು ನನ್ನ ಬೆನ್ನ ಹಿಂದೆಯೇ ಇದ್ದರು.

"ನಾಲಿಗೆ," ಎಂದರು.

ಹೊರಚಾಚಿದೆ. ಅವರು ನನ್ನ ಹಿಂದಿದ್ದ ನಲವತ್ತು ಜನರನ್ನು ನೋಡಿ ಮುಗಿಸುವವರೆಗೂ ಅದನ್ನು ಒಳಗೆ ಎಳೆದುಕೊಳ್ಳಲು ಹೇಳಲೇ ಇಲ್ಲ. ಕಡಲಗಾಳಿಗೆ ಒಣಗಿ ಅದು ಹಪ್ಪಳದಂತಾಯಿತು. ಮಾವ ಪೆಟ್ಟಿಗೆಯ ಮೇಲೆ ಕುಳಿತು ಶಾಂತವಾಗಿ ಹೇಳಿದರು: "ಇನ್ನೂ ಸ್ವಲ್ಪ ಇರ್ಲಿ ಡಾಕ್ಟ್ರೆ. ಮನೆಯವ್ರಿಗೂ ಆರಾಮ."

ಹಡಗಿನ ಎರಡು ಗಂಟೆಯಲ್ಲಿ ಹಣ್ಣು ತಡೆದುಕೊಂಡಿತು. ನನ್ನ ವಿಚಾರ ಬೇಡ.

ಕೊಲಂಬೊ, ಚಳಿಮನೆಯ ಮುಂಭಾಗ

ಆಚೆ ದಡದಲ್ಲಿ ಮತ್ತೆ ರೈಲು ಹತ್ತಿ ಕೊಲಂಬೊ ಸೇರಿದೆವು. ಮುದಲಾಳಿ ಚಿಕ್ಕ ಆಳು, ಬಿಳಿ ಅಂಗಿ, ಚಿನ್ನದ ಗುಂಡಿ. ಪ್ರತಿ ಮಾತಿನ ಕೊನೆಗೆ "ಹ್ಞಂ" ಎಂದು ಮುದ್ರೆ ಒತ್ತುವುದು ಅವರ ಅಭ್ಯಾಸ. "ಬನ್ನಿ, ಹ್ಞಂ. ಕೂತುಕೊಳ್ಳಿ, ಹ್ಞಂ." ಅವರು ಆಡಿದ್ದು ತಮಿಳು, ಇಲ್ಲಿ ಕನ್ನಡ ಮಾಡಿದ್ದೇನೆ. ಹ್ಞಂ ಮಾತ್ರ ಅವರದೇ. ಅರ್ಧ ಗಂಟೆಯಲ್ಲಿ ಅದು ನನ್ನ ಗಂಟಲಿಗೂ ಬಂದು ಕೂತಿತು.

ಚಳಿಮನೆಯ ಉಸ್ತುವಾರಿಯವರು ಐತಪ್ಪಣ್ಣ, ಮಂಗಳೂರು ಕಡೆಯವರು. ಪರದೇಶದಲ್ಲಿ ಕನ್ನಡ ಕೇಳಿ ನನಗೆ ಕಣ್ಣೇ ತುಂಬಿತು. ಅದರಲ್ಲಿ ಅರ್ಧ ಭಾಗ ಅಲ್ಲಿನ ಅಮೋನಿಯಾದ್ದು. ಯಂತ್ರದ ಕೊಳವೆಗಳಲ್ಲಿ ಓಡುವ ಈ ಔಷಧಿ ಎಲ್ಲೋ ಚೂರು ಸೋರಿದರೂ ಸಾಕು, ಸತ್ತ ಅಜ್ಜಿಯೂ ಸೀನುತ್ತಾ ಎದ್ದು ಕೂರಬೇಕು.

"ನೀವು ಘಟ್ಟದವ್ರಾ?" ಎಂದರು ಐತಪ್ಪಣ್ಣ. "ಹಾಗಾದ್ರೆ ನಿಮ್ಗೆ ಚಳಿ ಹೊಸತಲ್ಲ. ಬನ್ನಿ."

ಹೊಸತಾಗಿತ್ತು. ನಮ್ಮ ಕಡೆಯ ಅತ್ತಿಗುಂಡಿಯ ಚಳಿ ಬೆಳಗಿನ ಜಾವ ಬಂದು ಬಿಸಿಲೇರಿದಾಗ ಹೋಗುತ್ತದೆ. ದೇವರಮನೆ ಗುಡ್ಡದ ಗಾಳಿ ಮುಖಕ್ಕೆ ಹೊಡೆದು ಮುಂದೆ ಸಾಗುತ್ತದೆ. ಇಲ್ಲಿನದು ಅಲುಗಾಡದ ಚಳಿ. ಗೇಣುದಪ್ಪದ ಬಾಗಿಲಿನ ಹಿಂದೆ, ಗೋಡೆಯೊಳಗೆ ಮರದ ಹೊಟ್ಟು ತುಂಬಿ, ಕೂಡಿಹಾಕಿದ ಚಳಿ. ಒಂದು ಕೋಣೆಯಲ್ಲಿ ಬಿಳಿ ಬಟ್ಟೆ ಸುತ್ತಿದ ಕುರಿಗಳು ಸಾಲಾಗಿ ತೂಗುತ್ತಿದ್ದವು. ಅವು ಸತ್ತು ಎಷ್ಟು ದಿನವಾಯಿತೆಂದು ಮಾವ ಕೇಳಿದರು.

"ನಾಲ್ಕು ತಿಂಗಳಾಗಿರ್ಬಹುದು. ಆಸ್ಟ್ರೇಲಿಯದಿಂದ ಬಂದದ್ದು."

ಮಾವ ಲೆಕ್ಕ ಹಾಕಿದರು. "ನಮ್ಮಲ್ಲಿ ಅಷ್ಟು ಹೊತ್ತಿಗೆ ಮನುಷ್ಯರದ್ದೇ ತಿಥಿ ಮುಗಿಸಿ ಮರ್ತಿರ್ತೀವಿ."

ಇನ್ನೊಂದು ಕೋಣೆಯಲ್ಲಿ ಸಮುದ್ರದಾಚೆಯ ಬೆಣ್ಣೆ, ಸೇಬು. ಅಲ್ಲೇ ಮೂಲೆಯಲ್ಲಿ ನಮ್ಮ ಐದು ಪೆಟ್ಟಿಗೆಗಳು. ಮುಚ್ಚಳ ತೆಗೆದಿಟ್ಟಿದ್ದರು, ಗಾಳಿಯಾಡಲೆಂದು. ಆ ಬಿಳಿಯ ಕೋಣೆಯಲ್ಲಿ ವಸ್ತಾರೆಯ ಕಿತ್ತಳೆ ಕಚೇರಿಗೆ ಬಂದ ಹಳ್ಳಿಯವರಂತೆ ಒಂದಕ್ಕೊಂದು ಅಂಟಿಕೊಂಡು ಕೂತಿತ್ತು.

"ದಿನಾ ಬಂದು ನೋಡ್ಬಹುದಾ?" ಎಂದು ಕೇಳಿದೆ.

"ನೋಡಿ. ಆದ್ರೆ ಬೇಗ ಬನ್ನಿ, ಬೇಗ ಹೋಗಿ. ಇದು ಬಾಗಿಲಲ್ಲ ಮಾರಾಯ್ರೆ, ಮುಚ್ಚಳ. ಮುಚ್ಚಿಯೇ ಇರ್ಬೇಕು."

ಚಳಿಮನೆಯ ಬೆನ್ನು

ನಮಗೆ ಇಳಿದುಕೊಳ್ಳಲು ಕೊಟ್ಟ ಕೋಣೆ ಕಟ್ಟಡದ ಹಿಂದಿನ ಓಣಿಯಲ್ಲಿತ್ತು. ಚಳಿಯನ್ನು ಯಾರೂ ತಯಾರಿಸುವುದಿಲ್ಲ ಎಂದು ನನಗೆ ತಿಳಿದದ್ದು ಅಲ್ಲಿ. ಒಳಗಿನ ಬಿಸಿಯನ್ನು ಹಿಡಿದು ಹಿತ್ತಲಿಗೆ ಎಸೆಯುತ್ತಾರೆ, ಅಷ್ಟೆ. ಮುಂಬಾಗಿಲಲ್ಲಿ ನಿಂತವರಿಗೆ ಮೈ ಜುಮ್ಮೆನ್ನುತ್ತದೆ. ಓಣಿಯವರಿಗೆ ಹಗಲಿಡೀ ಒಲೆಯ ಬಾಯಲ್ಲಿ ಕೂತಂತೆ. ಕೊಳವೆಗಳ ಮೇಲೆ ಸುರಿದ ನೀರು ಬಿಸಿಯಾಗಿ ಚರಂಡಿಗೆ ಹರಿದು ಹತ್ತಿರದ ಕೆರೆ ಸೇರುತ್ತಿತ್ತು. ಹೆಂಗಸರು ಆ ಬಿಸಿನೀರಿನಲ್ಲಿ ಬಟ್ಟೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದರು. ಒಣಗುವಷ್ಟರಲ್ಲಿ ಯಂತ್ರದ ಚಿಮಣಿ ಅದಕ್ಕೆ ಕಲ್ಲಿದ್ದಲ ಮಸಿ ಬಳಿಯುತ್ತಿತ್ತು. ಬಿಸಿನೀರೂ ಧರ್ಮಕ್ಕೆ, ಮಸಿಯೂ ಧರ್ಮಕ್ಕೆ.

ಪಕ್ಕದ ಮನೆಯ ಸೆಲ್ಲಮ್ಮ ಮೀನು ಮಾರುವಾಕೆ. ಮಾವ ಸಂಜೆ ಅವಳ ಜಗಲಿಯಲ್ಲಿ ಕೂತು ತಮ್ಮ ಆಜ್ಞೆಯ ತಮಿಳಿನಲ್ಲೇ ಕುಶಲ ಕೇಳುತ್ತಿದ್ದರು.

"ಕೆರೇಲಿ ಮೀನು ಹಿಡಿ," ಎಂದರು ಒಂದು ದಿನ. ಹಿಡಿಯುತ್ತೀರಾ ಎಂದು ಕೇಳಿದ್ದು ಅದು.

"ಹಿಡೀತೀನಿ ದೊರೆ, ಬೇಯಿಸಿಟ್ಟ ಮೀನು ಬೇಕಾದ್ರೆ," ಎಂದಳು ಸೆಲ್ಲಮ್ಮ. "ಈ ದಡದಲ್ಲಿ ಬದುಕಿರೋ ಮೀನು ನೋಡಿ ಎಷ್ಟೋ ವರ್ಷ ಆಯ್ತು."

"ಕಡಲ ಮೀನು ಇದೆಯಲ್ಲಕ್ಕ," ಎಂದೆ ನಾನು.

"ಇದೆ. ಮೊದಲು ಸಂಜೆ ಆಗ್ತಿದ್ದ ಹಾಗೆ ಮೀನಿಗೆ ಹೆದರಿಕೆ ಹತ್ತೋದು. ಕತ್ತಲಾದ್ರೆ ಕೆಡುತ್ತಲ್ಲ. ದೊಡ್ಡ ದೊಡ್ಡ ಮೀನು ಅಗ್ಗಕ್ಕೆ ನಮ್ಮಂಥವರ ಬುಟ್ಟಿಗೆ ಬಂದು ಬೀಳೋದು. ಈ ಓಣಿಯವ್ರು ವಂಜರ ಮೀನು ತಿಂದು ಬೆಳೆದವ್ರು. ಈಗ ಉಳಿದದ್ದೆಲ್ಲ ನಿಮ್ಮ ಮುದಲಾಳಿ ಚಳಿಪೆಟ್ಟಿಗೆಗೆ. ಮೀನಿಗೆ ಈಗ ಸಂಜೆ ಅನ್ನೋದೇ ಇಲ್ಲ."

"ಆದ್ರೆ ಕೊಳೆತು ಹೋಗೋದು ತಪ್ಪಿತಲ್ಲ," ಎಂದು ನಾನು ಮಾವನ ಪರವಾಗಿ ವಾದಿಸಿದೆ.

"ತಪ್ಪಿತು ತಮ್ಮ. ಮೀನು ಕೆಡೋದು ತಪ್ಪಿತು. ನಾವು ತಿನ್ನೋದೂ ತಪ್ಪಿತು."

ನಾನು ಅವಳ ದನಿಯನ್ನು ಅಲ್ಲೇ ಮಾಡಿ ತೋರಿಸಿದೆ. ಅವಳು ನಕ್ಕಳು. ಮಾವ ನಗಲಿಲ್ಲ. ಆ ಸಂಜೆ ಊಟಕ್ಕೆ ಕರೆದಾಗಲೂ ಎರಡು ಸಲ ಕರೆಯಬೇಕಾಯಿತು.

ಹನ್ನೊಂದನೆಯ ದಿನ

ಹೊರಗಿಟ್ಟಿದ್ದ ಐದು ಪೆಟ್ಟಿಗೆಗಳು ಎಂಟನೆಯ ದಿನಕ್ಕೇ ಮೆತ್ತಗಾದವು. ಇನ್ನುಳಿದದ್ದು ಒಳಗಿನ ಐದು. ನಾನು ದಿನಕ್ಕೆ ನಾಲ್ಕು ಸಲ ಹೋಗಿ ನೋಡತೊಡಗಿದೆ. ಒಳಗೆ ಸಿಕ್ಕಿಕೊಂಡು ಕುರಿಗಳ ಸಾಲಿಗೆ ಸೇರುವ ಭಯವಿದ್ದುದರಿಂದ ಬಾಗಿಲಿಗೆ ಒಂದು ಸ್ಟೂಲು ಒತ್ತಿಟ್ಟು, ಅದು ಮುಚ್ಚದಂತೆ ನೋಡಿಕೊಂಡು, ನಿಧಾನವಾಗಿ ಹಣ್ಣಿನ ಯೋಗಕ್ಷೇಮ ವಿಚಾರಿಸುತ್ತಿದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಬಗ್ಗಿದೆ. ಹಣ್ಣಿನ ಮೇಲೆ ಇಬ್ಬನಿ.

ಕಣ ಕಾಯುವ ರೈಟರಿಗೆ ಇಬ್ಬನಿಯೆಂದರೇನೆಂದು ಓದುಗರಿಗೆ ಹೇಳಬೇಕಾಗಿಲ್ಲ. ಮೊದಲು ಹನಿ, ಆಮೇಲೆ ಬೂಷ್ಟು, ಆಮೇಲೆ ಬೈಗುಳ. ನಮ್ಮ ಸೀಮೆಯಲ್ಲಿ ಯಾವುದೇ ವಸ್ತು ಕೆಡುವುದು ಚಳಿ ಮತ್ತು ತೇವದಿಂದ, ಉಳಿಯುವುದು ಬೆಂಕಿಯಿಂದ. ಏಲಕ್ಕಿ ಒಣಗಿಸುವುದು ಬೆಂಕಿಯಲ್ಲಿ. ಮಾಂಸ, ಮೆಣಸಿನಕಾಯಿ, ಬಿತ್ತನೆಯ ಬೀಜ, ನೆನೆದ ಮನುಷ್ಯ, ಎಲ್ಲಕ್ಕೂ ಒಲೆಯ ಪಕ್ಕದಲ್ಲಿ ಜಾಗ. ಚಳಿಯಿಂದ ಹಣ್ಣು ಉಳಿಯುತ್ತದೆ ಎಂಬ ಮಾತನ್ನು ನಾನು ಬಾಯಲ್ಲಿ ಒಪ್ಪಿಕೊಂಡಿದ್ದೆನೇ ಹೊರತು ಮೈಯಲ್ಲಿ ಒಪ್ಪಿಕೊಂಡಿರಲಿಲ್ಲ.

ಮಾವನಿಗೆ ಹೇಳಿದರೆ ಕುಸಿಯುತ್ತಾರೆ. ಐತಪ್ಪಣ್ಣನಿಗೆ ಹೇಳಿದರೆ ಒಪ್ಪುವುದಿಲ್ಲ. ಯಂತ್ರದ ಕೋಣೆಯಲ್ಲಿ ಅವರು ಬೆನ್ನು ತಿರುಗಿಸಿ ಕೂತಿದ್ದರು. ಯಂತ್ರದ ಗದ್ದಲ ಬೇರೆ. ನಾನು ಗೋಡೆಯ ಮರೆಯಲ್ಲಿ ನಿಂತು ಮುದಲಾಳಿಯ ದನಿಯಲ್ಲಿ ಕೂಗಿದೆ: "ಐತಪ್ಪಾ, ಹ್ಞಂ. ಕಟ್ಟೆಗೆ ಬೆಣ್ಣೆ ಬಂದಿದೆ. ಓಡು, ಹ್ಞಂ."

ಪಾಪ, ಹಡಗುಕಟ್ಟೆಗೆ ಓಡಿದರು. ಚಳಿಕೋಣೆಯ ಬೀಗದಕೈ ಮೊಳೆಯಲ್ಲಿತ್ತು.

ಸೆಲ್ಲಮ್ಮನ ಹಳೆಯ ಮಣ್ಣಿನ ಒಲೆಯನ್ನು ಅಗ್ಗಿಷ್ಟಿಕೆ ಮಾಡಿದೆ. ತೆಂಗಿನ ಚಿಪ್ಪಿನ ಕೆಂಡ ತುಂಬಿ ಕಿತ್ತಳೆಯ ಹತ್ತಿರ ಇಟ್ಟೆ. ಬಿಸಿ ಹೊರಹೋಗದಿರಲೆಂದು ಆ ಒಂದು ದಿನ ಮಾತ್ರ ಬಾಗಿಲನ್ನು ಭದ್ರವಾಗಿ ಮುಚ್ಚಿದೆ. ಕೋಣೆಗೆ ಹೋಗಿ ತೃಪ್ತಿಯಿಂದ ಊಟ ಮಾಡಿ ಮಲಗಿದೆ.

ಮುದಲಾಳಿಯ ಕಚೇರಿ

ಮಧ್ಯಾಹ್ನ ಮೂರು ಗಂಟೆಗೆ ಗಲಾಟೆ ಕೇಳಿ ಎದ್ದು ಓಡಿದೆ. ಕಚೇರಿಯಲ್ಲಿ ಮೇಜಿನ ಮೇಲೆ ಬೂದಿ ತುಂಬಿದ ಒಲೆ. ಪಕ್ಕದಲ್ಲಿ ಒಂದು ಪೆಟ್ಟಿಗೆ ಬೆಣ್ಣೆ. ಅದರಿಂದ ಸುಟ್ಟ ಚಿಪ್ಪಿನ ಘಮ. ಎದುರು ತಲೆತಗ್ಗಿಸಿ ಐತಪ್ಪಣ್ಣ. ಮಾವ ಆಗಲೇ ಬಂದು ಮೂಲೆಯಲ್ಲಿ ನಿಂತಿದ್ದರು.

"ಚಳಿಯಾಯಿತೆಂದು ಒಳಗೆ ಬೆಂಕಿ ಕಾಯಿಸಿಕೊಂಡೆ, ಹ್ಞಂ?" ಮುದಲಾಳಿ ಕೇಳುತ್ತಿದ್ದರು. "ಹನ್ನೆರಡು ವರ್ಷದ ಮೇಲೆ ನಿನಗೆ ಚಳಿಯಾಯಿತೇ?"

"ನಾನಿರಲಿಲ್ಲ ಮುದಲಾಳಿ. ನೀವೇ ಕಟ್ಟೆಗೆ ಕಳಿಸಿದ್ರಿ."

"ನಾನು ಮನೆಯಲ್ಲಿ ಮಲಗಿದ್ದೆ, ಹ್ಞಂ. ಈಗ ಸುಳ್ಳು ಬೇರೆ. ನಾಳೆಯಿಂದ ಬರಬೇಡ."

ನನಗೆ ಎಲ್ಲವೂ ಅರ್ಥವಾಯಿತು. ಬಾಯಿ ಬಿಟ್ಟರೆ ಒಂಬತ್ತು ಮನೆಗೆ ಮಾವ ಕೊಟ್ಟ ಮಾತು ಹೋಗುತ್ತದೆ. ಬಿಡದಿದ್ದರೆ ಐತಪ್ಪಣ್ಣನ ಕೆಲಸ ಹೋಗುತ್ತದೆ. ಮಾವ ನನ್ನ ಮುಖ ನೋಡಿದರು. ಹುಟ್ಟಿದಾಗಿನಿಂದ ಆ ಮುಖ ನೋಡಿ ಅಭ್ಯಾಸವಿದ್ದವರು.

"ನಾಗೇಶ," ಎಂದರು, "ಅದೆಂತ ಇದ್ರೂ ಹೇಳ್ಬಿಡು ಮಾರಾಯ."

ಹೇಳಲು ನನ್ನದೆಂಬ ದನಿ ಬರಲಿಲ್ಲ. ಬಂದದ್ದು ಇನ್ನೊಂದು. "ಐತಪ್ಪಾ, ಹ್ಞಂ. ಕಟ್ಟೆಗೆ ಬೆಣ್ಣೆ ಬಂದಿದೆ. ಓಡು, ಹ್ಞಂ."

ಮುದಲಾಳಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಐತಪ್ಪಣ್ಣನತ್ತ ತಿರುಗಿ ಮೆಲ್ಲಗೆ ಕೇಳಿದರು: "ನಾನು ಅಷ್ಟು ಸಲ ಹೇಳುತ್ತೇನೆಯೇ?"

ಐತಪ್ಪಣ್ಣ ಮೇಜಿನ ಮೇಲೆ ಬಿದ್ದಿದ್ದ ಬೂದಿ ಒರೆಸತೊಡಗಿದರು.

ಇಬ್ಬನಿಯ ಕಥೆಯನ್ನು ನಾನೇ ಬಿಡಿಸಿ ಹೇಳಿದೆ. ಐತಪ್ಪಣ್ಣ ಹಣೆ ಚಚ್ಚಿಕೊಂಡರು. "ಎಂತ ಮಾರಾಯ, ಬಾಗಿಲು ತೆರೆದಿಟ್ಟು ಹೊರಗಿನ ಸೆಖೆ ಒಳಗೆ ಬಿಟ್ರೆ ತಣ್ಣಗಿನ ಹಣ್ಣು ಬೆವರದೆ ಇನ್ನೆಂತ ಮಾಡ್ತದೆ? ನೀನು ನೋಡ್ಲಿಕ್ಕೆ ಹೋದದ್ದಕ್ಕೇ ಅದು ಒದ್ದೆಯಾದದ್ದು."

ಐತಪ್ಪಣ್ಣನ ಕೆಲಸ ಉಳಿಯಿತು. ಆ ಬೆಣ್ಣೆಯನ್ನು ಮುದಲಾಳಿ ಮರುದಿನ ಒಂದು ಹಡಗಿನ ಅಡುಗೆಮನೆಗೆ ಸಾಗಹಾಕಿದರು. ನಡುಗಡಲಲ್ಲಿ ದೂರು ಕೊಡಲು ಅಂಗಡಿ ಹತ್ತಿರವಿರುವುದಿಲ್ಲ.

ಇನ್ನು ಹಣ್ಣು. ಹದಿನೈದು ದಿನ ಕಾಯುವ ಅರ್ಥವಿಲ್ಲವೆಂದು ಮುದಲಾಳಿ ಒಳಗಿನ ಐದು ಪೆಟ್ಟಿಗೆಯನ್ನೂ ತರಿಸಿದರು. ಕೆಂಡದ ಪಕ್ಕದ ಪೆಟ್ಟಿಗೆಯ ಹಣ್ಣಿಗೆ ಹೊಗೆಯ ವಾಸನೆಯಿತ್ತು. ಉಳಿದ ನಾಲ್ಕರಿಂದ ಒಂದೊಂದು ತೆಗೆದು ಸುಲಿದು ತಿಂದರು. ಮಾವ ಅವರ ದವಡೆಯನ್ನೇ ನೋಡುತ್ತಿದ್ದರು. ನಾಲ್ಕನೆಯದರ ಬೀಜ ಉಗಿದು ಮುದಲಾಳಿ ಹೇಳಿದರು: "ಇಂಥ ಅಳಿಯನನ್ನು ತಡೆದುಕೊಂಡ ಹಣ್ಣು ಯಾವ ಹಡಗನ್ನಾದರೂ ತಡೆದುಕೊಳ್ಳುತ್ತದೆ. ತೆಗೆದುಕೊಳ್ಳುತ್ತೇನೆ. ಆದರೆ ಹತ್ತೂ ಮನೆಯ ಹಣ್ಣೆಲ್ಲ ನನಗೇ ಬರಬೇಕು. ನಿಮ್ಮ ಕಡೆಯ ಸಂತೆಗೆ ಒಂದೂ ಹೋಗಕೂಡದು."

ಹ್ಞಂ ಬರಲಿಲ್ಲ. ಅದನ್ನು ಅವರು ಕಷ್ಟಪಟ್ಟು ನುಂಗಿದ್ದು ಕಾಣುತ್ತಿತ್ತು.

ಮಾವ ಗಂಟಲು ಸರಿಮಾಡಿಕೊಂಡರು. "ಯಾವಾಗ ಮಾರ್ತಾರಂತೆ, ಕೇಳು," ಎಂದರು ನನಗೆ.

"ಬೇರೆ ಯಾರ ಹತ್ತಿರವೂ ಇಲ್ಲದಾಗ," ಎಂದರು ಮುದಲಾಳಿ.

ಇದಕ್ಕಾಗಿಯೇ ಮಾವ ಏಳುನೂರು ಮೈಲಿ ಪೆಟ್ಟಿಗೆಯ ಮೇಲೆ ಮಲಗಿ ಬಂದಿದ್ದರು. ಹೂಂ ಎಂದರೆ ಮುಗಿಯಿತು. ಅವರು ನನ್ನತ್ತ ತಿರುಗಿದರು.

"ಅರ್ಧ ಕೊಡ್ತೀನಿ ಅನ್ನು."

"ಉಳಿದರ್ಧ ಮರದಡಿ ಕೊಳೆಯುತ್ತದಲ್ಲ, ಗೌಡರೆ? ಅದಕ್ಕೇ ತಾನೇ ಬಂದಿರಿ?"

"ಕೊಳೀಲಿ. ಕೊಳೆಯೋಕ್ಕೆ ಮುಂಚೆ ಹುಡುಗ್ರು ತಿಂತಾರೆ, ಆಳುಗಳು ತಿಂತಾರೆ, ದಾರೀಲಿ ಹೋಗೋರು ತಿಂತಾರೆ. ಒಂದು ಹಣ್ಣೂ ಬಿಡದೆ ನಿಮ್ಗೆ ಕೊಟ್ರೆ, ನಮ್ಮೂರಲ್ಲಿ ಕಿತ್ತಳೆ ಮುಟ್ಬೇಕಾದ್ರೆ ನಿಮ್ಮನ್ನ ಕೇಳ್ಬೇಕಾಗುತ್ತೆ. ಆಮೇಲೆ ನಾನು ಯಾರ ಜಗಲೀಲೂ ಕೂರೋ ಹಾಗಿಲ್ಲ."

ಇಷ್ಟು ಉದ್ದದ ಮಾತಿಗೆ ಅವರ ತಮಿಳು ಸಾಲದು. ನಾನು ಹೇಳಿದೆ, ಯಾರ ದನಿಯನ್ನೂ ಬೆರೆಸದೆ.

ಮುದಲಾಳಿ ಐದನೆಯ ಹಣ್ಣು ಸುಲಿದರು. ಪೂರ್ತಿ ತಿಂದು ಮುಗಿಸಿದರು. "ಅರ್ಧ," ಎಂದು ಕೈ ಒರೆಸಿಕೊಂಡು ಮಾವನ ಕೈ ಹಿಡಿದರು.

ಮಾವನ ಮುಖ ಅರಳಿತು. ಆ ಉಲ್ಲಾಸದಲ್ಲಿ ಅವರಿಗೆ ಇನ್ನೊಂದು ವಿಚಾರ ಹೊಳೆಯಿತು. ಮುಂದಿನ ವರ್ಷ ಹಣ್ಣು ಬಂದಾಗ ನೋಡಿಕೊಳ್ಳಲು ನಮ್ಮವನೊಬ್ಬ ಇಲ್ಲೇ ಇರಲಿ, ಇವನಿಗೆ ಹೇಗೂ ಬುದ್ಧಿ ಬಂದಿದೆ, ಚಳಿಮನೆಯಲ್ಲೊಂದು ಕೆಲಸ ಕೊಡಿ ಎಂದರು. ನನಗೂ ಆಸೆಯಿತ್ತು, ಕೊಲಂಬೊದಲ್ಲಿ ಕದಿಯದ ದನಿಗಳು ಇನ್ನೂ ಬೇಕಾದಷ್ಟಿದ್ದವು. ವಿನಯದ ಮುಖ ಮಾಡಿ ನಿಂತೆ.

ಮುದಲಾಳಿ ಹೊಗೆಯ ಬೆಣ್ಣೆಯನ್ನು ನೋಡಿದರು, ಐತಪ್ಪಣ್ಣನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಹಣ್ಣು ಕಳಿಸಿ ಗೌಡರೆ. ಅಳಿಯನನ್ನು ನೀವೇ ಇಟ್ಟುಕೊಳ್ಳಿ. ಅವನು ಎಲ್ಲಿಟ್ಟರೂ ಕೆಡುವವನಲ್ಲ, ಪಕ್ಕದಲ್ಲಿಟ್ಟದ್ದು ಕೆಡುತ್ತದೆ."